ನಿನ್ನ ಪರವಾಗಿ ನಾನೇ ಬರೆದಿದ್ದೀನಿ

ಅಯ್ಯೋ, ಯಾಕೆ ಹಾಗೆ ನೋಡ್ತೀಯಾ ಚಿನಾತ್ಸು? ಚಹಾ ಕುಡಿ ಅಂದೆ ಅಷ್ಟೆ, ವಿಷ ಹಾಕಿಲ್ಲ! ಪೊಲೀಸ್ ಠಾಣೆ ಚಹಾ ಕೆಟ್ಟದಾಗಿರುತ್ತೆ, ಅದಂತೂ ನಿಜ... ಬೇಡ್ವಾ? ಸರಿ, ನಾನೇ ಕುಡೀತೀನಿ. ಹೆಸರು ಹಿಡಿದು ಕರೆದೆ ಅಂತ ಬೇಜಾರಿಲ್ಲ ತಾನೇ? ನನ್ನ ತಂಗಿ ವಯಸ್ಸು ನಿನ್ನದು.

ಬಾಯಿ ಬಿಡಲೇಬೇಕು ಅಂತ ಕಾನೂನಿಲ್ಲ. ಬೆಳಿಗ್ಗೆ ನಾನೇ ಹೇಳಿದೆನಲ್ಲ, ಇಷ್ಟವಿಲ್ಲದಿದ್ರೆ ಉತ್ತರ ಕೊಡಬೇಡ ಅಂತ. ಆದ್ರೆ ಆ ಮಾತನ್ನ ಇಷ್ಟು ಚೆನ್ನಾಗಿ ಪಾಲಿಸೋರನ್ನ ನನ್ನ ಸರ್ವೀಸಲ್ಲೇ ನೋಡಿರಲಿಲ್ಲ ಕಣಮ್ಮ!

ಏನು, ವಕೀಲರಾ? ಬಾಗಿಲ ಕಡೆ ನೋಡಿದ್ರೆ ಬರ್ತಾರಾ? ಪಕ್ಕದ ಕೊರಿಯಾದಲ್ಲಿ ವಿಚಾರಣೆ ಹೊತ್ತಲ್ಲಿ ವಕೀಲರು ಜೊತೆಗೇ ಕೂರ್ತಾರೆ. ಅಮೆರಿಕದ ಸೀರಿಯಲ್ಲಲ್ಲಂತೂ ವಕೀಲ ಬರೋವರೆಗೆ ಕಳ್ಳ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತಾನೆ. ನಮ್ಮ ಜಪಾನಲ್ಲಿ ಆ ಭಾಗ್ಯ ಇಲ್ಲ. ನಾನು, ನೀನು, ಈ ಮೇಜು. ಹೆಂಗಸರಿಬ್ಬರೇ... ಮನಸ್ಸು ಬಿಚ್ಚಿ ಮಾತಾಡಬಹುದಲ್ವಾ?

ನೋಡು, ನೀನು ಕೆಲಸ ಮಾಡೋ ಬುತ್ತಿ ಅಂಗಡಿ ಉಗ್ರಾಣಕ್ಕೆ ಬೆಂಕಿ ಬಿತ್ತು. ಮಹಡಿ ಮೇಲಿದ್ದ ಮಾಲೀಕನ ತಾಯಿ ಹೊಗೆ ಕುಡಿದು ಆಸ್ಪತ್ರೆ ಸೇರಿದ್ದಾರೆ. ಆ ರಾತ್ರಿ ಕೊನೆಗೆ ಅಂಗಡಿಗೆ ಬೀಗ ಹಾಕಿದವಳು ನೀನು. ಹಿಂದಿನ ದಿನ ತಾನೇ ಮಾಲೀಕ ಕುವಾಹರಾ ಗಿರಾಕಿಗಳ ಎದುರಿಗೇ ಬೈದಿದ್ದ, 'ಇವಳಿಗೆ ಮೀನು ಕರಿಯೋಕೂ ಬರಲ್ಲ' ಅಂತ. ಅಲ್ವಾ?... ಅಬ್ಬ, ಈಗ ಕಣ್ಣು ಕೆಂಪಾಯ್ತು! ನನಗೂ ಆಗ್ತಿತ್ತು ಕಣೆ.

ಇಗೋ, ನಿನಗೆ ತೊಂದರೆ ಬೇಡ ಅಂತ ಹೇಳಿಕೆ ನಾನೇ ಬರೆದಿದ್ದೀನಿ. ಇಲ್ಲಿ ಹಾಗೇ... ಮಾತು ನಿಮ್ಮದು, ಬರಹ ನಮ್ಮದು. ಕೇಳು. 'ನನಗೆ ಅವಮಾನ ತಡೆಯಲಾಗಲಿಲ್ಲ. ಹಳೆಯ ಪೇಪರಿನ ಕಟ್ಟಿಗೆ ಕಡ್ಡಿ ಗೀರಿದೆ. ಮೇಲೆ ಅಜ್ಜಿ ಇರುವುದು ನೆನಪಾಗಲಿಲ್ಲ. ತಲೆಬಾಗಿ ಕ್ಷಮೆ ಕೇಳುತ್ತೇನೆ.' ಚೆನ್ನಾಗಿದೆ ಅಲ್ವಾ?

ನಗ್ತಿದ್ದೀಯಾ? ಯಾಕೆ ನಗು? ಸರಿ, ಕಡ್ಡಿ ಅಲ್ಲದಿದ್ರೆ ಲೈಟರ್ ಅಂತ ತಿದ್ದೋಣ. ಯಾವುದು ಅಂತ ನೀನೇ ಹೇಳು!

ನಿನ್ನ ಮಗಳು ಶಾಲೆಯಿಂದ ಬರೋ ಹೊತ್ತಾಯ್ತು. ಮನೆ ಕೀ ಅವಳ ಹತ್ರ ಇದೆಯಾ? ಹೊರಗೆ ಹಿಮ ಬೇರೆ ಬೀಳ್ತಿದೆ... ಇಲ್ಲಿ, ಕೊನೆಗೆ ಬೆರಳೊತ್ತು. ಮನೆಗೆ ಹೋಗು. ನಾನೇ ಕಾರಲ್ಲಿ ಬಿಟ್ಟು ಬರ್ತೀನಿ.

ಮಾತಾಡಮ್ಮ... ಬೈದಾದ್ರೂ ಬೈಯಿ! ಪಕ್ಕದ ರೂಮಲ್ಲಿ ನಮ್ಮ ಸಾಹೇಬರು ಕಾಯ್ತಿದ್ದಾರೆ. ಬರಿಗೈಲಿ ಹೋದ್ರೆ ನಿನ್ನ ಬಂಧನಕ್ಕೆ ನ್ಯಾಯಾಧೀಶರು ಆದೇಶ ಕೊಡ್ತಾರಾ? ಈ ಕಾಗದ ಒಂದು ಬಿಟ್ರೆ ನಮ್ಮ ಹತ್ರ ಇನ್ನೇನಿದೆ...

ಹಾಗಲ್ಲ. ನಾನು ಹೇಳಿದ್ದು ಹಾಗಲ್ಲ.

ಅಯ್ಯೋ, ಹಾಗೆ ನೋಡಬೇಡ. ಮನೆಗೆ ಬಿಡ್ತೀನಿ ಅಂದಿದ್ದು... ಇವತ್ತೇ ಅಂತ ಅಂದೆನಾ? ಹೌದು, ನಿನ್ನನ್ನ ಇನ್ನೂ ಬಂಧಿಸಿಲ್ಲ. ಬೆಳಿಗ್ಗೆ 'ಸ್ವಲ್ಪ ಬರ್ತೀಯಾ' ಅಂದೆ, ನೀನು ಬಂದೆ. ಬೇಕಾದಾಗ ಎದ್ದು ಹೋಗಬಹುದಾ ಅಂತ ನೀನು ಕೇಳಲಿಲ್ಲ, ಹೋಗಬಹುದು ಅಂತ ನಾನು ಹೇಳಲಿಲ್ಲ! ಅದರಲ್ಲಿ ನನ್ನ ತಪ್ಪೇನು?

ಏಯ್, ಕೋಟು ಯಾಕೆ? ಕೂತ್ಕೋ. ಕೂತ್ಕೋ ಅಂದೆ!... ಚಿನಾತ್ಸು... ಚಿನಾತ್ಸು ಅವರೇ, ದಯವಿಟ್ಟು, ಒಂದು ನಿಮಿಷ... ನೀವು ಹೀಗೆ ಹೊರಟುಬಿಟ್ರೆ ಸಾಹೇಬರಿಗೆ ನಾನೇನು ಹೇಳ್ಲಿ?