ಗೇರಿನ ಮೇಲಿನ ಕೈ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ಹಾಗಾಗಿ ಪಕ್ಕದಲ್ಲಿ ನಿಂತಿದ್ದ ಅಕ್ಕ-ತಮ್ಮ ಗೇರ್‌ಬಾಕ್ಸಿನ ಮಾತೆತ್ತಿದಾಗ ಆತ ಕಿವಿಗೊಟ್ಟ. ಅಕ್ಕ ಹೇಳುತ್ತಿದ್ದಳು:

"ಎರಡು ಗ್ಯಾರೇಜಿನವರು ಬಿಚ್ಚಿ ನೋಡದೇನೇ ಗೇರ್‌ಬಾಕ್ಸ್ ಬದಲಾಯಿಸ್ಬೇಕು ಅಂದ್ರು. ಈ ಮೆಕ್ಯಾನಿಕ್ ನನ್ನೆದುರೇ ಬಿಚ್ಚಿ, ಗೇರಿನ ಒಂದೊಂದು ಹಲ್ಲೂ ತೋರಿಸಿ, ಏನೂ ಕೆಟ್ಟಿಲ್ಲ ಅಂದ್ರು."

"ಮತ್ತೆ ಆ ತಿರುವಲ್ಲಿ ಗೇರ್ ತಾನಾಗೇ ಯಾಕಕ್ಕಾ ಬದಲಾಗುತ್ತೆ?"

"ಅವರೇ ಓಡಿಸಿ ನೋಡಿದ್ರು. ವಾಪಸ್ ಬಂದಾಗ ಮುಖ ಬಿಳಿಚಿಕೊಂಡಿತ್ತು. 'ತಿರುವಲ್ಲಿ ಗೇರ್ ಹಿಡಿದಿದ್ದ ನನ್ನ ಕೈ ಮೇಲೆ ಇನ್ನೊಂದು ಕೈ ಬಂತು, ತಣ್ಣಗಿತ್ತು' ಅಂದ್ರು."

"ಭಾವ ತೀರಿಕೊಂಡಿದ್ದು ಅಲ್ಲೇ ಅಂತ ನೀನು ಹೇಳಿದ್ಯಾ?"

"ಇಲ್ಲ. ಅದಕ್ಕೇ ಅವರನ್ನ ನಂಬ್ತೀನಿ."

"ಈಗೆಲ್ಲಿಗೆ ಹೊರಟಿದ್ದೀಯ?"

"ಗಾಡಿ ತರೋಕೆ. ಆ ಕೈ ನಂಗೇನು ಹೊಸದಾ?"

ಬಸ್ಸು ಬಂತು, ಅದು ದರ್ಜಿ ಹೋಗುವ ಕಡೆಯದಲ್ಲ. ಅಕ್ಕ ಹತ್ತಿದಳು. ತಮ್ಮ ಹತ್ತಲಿಲ್ಲ, ಬಸ್ಸು ಮರೆಯಾಗುವವರೆಗೂ ದರ್ಜಿಯ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಬಂದ ದಾರಿಯಲ್ಲೇ ನಡೆದುಹೋದ.