ವೀಕ್ ಹಾರ್ಟು

ಆಪರೇಷನ್ ಮಾಡಿಸಲೋ ಬೇಡವೋ ಎಂದು ಮೂರು ತಿಂಗಳಿಂದ ಮೀನಮೇಷ ಎಣಿಸುತ್ತಿದ್ದ ಲೆಕ್ಕದ ಮೇಷ್ಟ್ರ ಕಿವಿಗೆ, ಹೃದಯದ ಡಾಕ್ಟರ ಬಾಗಿಲಲ್ಲಿ ಅಕ್ಕತಂಗಿಯರಿಬ್ಬರ ಮಾತು ಬೇಡವೆಂದರೂ ಬಿತ್ತು.

“ಅಕ್ಕಾ, ಅವತ್ತು ‘ಹುಡುಗಿ ಹಾರ್ಟು ವೀಕು’ ಅಂತ ನಿಶ್ಚಿತಾರ್ಥ ಮುರಿದವನ ಕೈಗೇ ಇವತ್ತು ಹಾರ್ಟು ಕೊಡ್ತೀಯಾ?”

“ಒಳ್ಳೆ ಕೈಯಂತೆ ಕಣೇ. ನೂರಕ್ಕೆ ತೊಂಬತ್ತು ಜನ ಬದುಕ್ತಾರಂತೆ.”

“ಉಳಿದ ಹತ್ತರಲ್ಲಿ ನೀನಿದ್ರೆ?”

“ಅವನ ಹೆಸರಿಗೆ ಮಸಿ. ಜನ್ಮವಿಡೀ ತೊಳೆದ್ರೂ ಹೋಗಲ್ಲ.”

“ಅದನ್ನ ನೋಡೋಕೆ ನೀನೇ ಇರಲ್ವಲ್ಲ!”

“ನೀನಿರ್ತೀಯಲ್ಲ, ಕಣ್ತುಂಬಾ ನೋಡು.”

“ಹಗೆ ಇಟ್ಕೊಂಡು ಯಾರಾದ್ರೂ ಡಾಕ್ಟರನ್ನ ಆರಿಸ್ತಾರಾ? ಬದುಕಿಬಿಟ್ರೆ ಏನು ಮಾಡ್ತೀಯ?”

ನರ್ಸು ಕೂಗಿದಳು. ಅಕ್ಕ ಎದ್ದು, ಬಾಗಿಲು ತಳ್ಳುತ್ತಾ ತಿರುಗಿ ನೋಡಿದಳು.

“ತಿಂಗಳಿಗೊಂದು ಸಲ ತೋರಿಸಿಕೊಳ್ಳೋಕೆ ಬರ್ತೀನಿ. ಈ ವೀಕ್ ಹಾರ್ಟು ಹೇಗೆ ಬಡ್ಕೊಳ್ತಿದೆ ಅಂತ ಸಾಯೋತನಕ ಅವನೇ ಕಿವಿಗೊಟ್ಟು ಕೇಳ್ಲಿ.”