ಮಾರ್ಜುಕಿ ಮುಚ್ಚಿಸಿದ ಓಣಿ

ಮೆಲ್ಲಗೆ ಮಾತಾಡಿ, ಆ ಬಾವಿ ಇಲ್ಲಿಂದ ದೂರವೇನಿಲ್ಲ. ಇದು ನನ್ನ ಚಿಕ್ಕಮ್ಮನ ಮಗ ಮಾರ್ಜುಕಿಗೆ ಆದದ್ದು.

ಅವತ್ತು ಅವನ ಅಕ್ಕ ರೋಹಾಯಾ ತೀರಿಕೊಂಡ ಏಳನೇ ರಾತ್ರಿ. ಅವಳ ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ಎಲ್ಲರಿಗೂ ಕೊಡುವ ಅನ್ನದ ಪೊಟ್ಟಣ ಹಿಡಿದು ತನ್ನ ಮನೆಗೆ ಹೊರಟ. ಹಳೇ ಅಭ್ಯಾಸ ನೋಡಿ, ಕಾಲು ಬಾವಿ ಪಕ್ಕದ ಓಣಿಗೇ ತಿರುಗಿತು. ಓಣಿ ಎಲ್ಲಿತ್ತು? ಅವನೇ ಮುಚ್ಚಿಸಿದ್ದ.

ನಮ್ಮ ಜಕಾರ್ತಾದ ಹಳೇ ಕೇರಿಯಲ್ಲಿ ಓಣಿ ಸರಕಾರದ್ದಲ್ಲ. ನಾಲ್ಕು ಜನ ಹೆಣ ಹೊತ್ತು ಹೋಗುವಷ್ಟು ಜಾಗ, ಒಬ್ಬೊಬ್ಬರೂ ತಮ್ಮ ಅಂಗಳದಲ್ಲಿ ಬಾಯಿಮಾತಿಗೇ ಬಿಟ್ಟದ್ದು. ಮಾರ್ಜುಕಿ ತನ್ನ ಅಂಗಳವನ್ನು ಹೊಸ ಬಡಾವಣೆಯವರಿಗೆ ಮಾರಿದ. "ನಿನ್ನಾಣೆ ಅಕ್ಕಾ, ಓಣಿ ಬಿಡಿಸಿದೀನಿ" ಅಂದ. ಅವಳು ನಂಬಿದಳು. ಜಗಳಕ್ಕೆ ಎದ್ದ ನಮ್ಮನ್ನೂ ಕೂರಿಸಿದಳು.

ಎದ್ದದ್ದು ಗೋಡೆ. ಆಚೆ ಅವನಿಗೊಂದು ಹೊಸ ಮನೆ.

ಅವಳಿಗೆ ಎದೆನೋವು ಬಂದಾಗ ಆಸ್ಪತ್ರೆ ಆ ಗೋಡೆಯ ಹಿಂದೆಯೇ ಇತ್ತು. ಕುರ್ಚಿಯಲ್ಲಿ ಹೊತ್ತುಕೊಂಡು ಹೆದ್ದಾರಿ ಸುತ್ತಿ ಓಡಿದೆವು. ಸೇತುವೆ ಕೆಳಗೇ ಉಸಿರು ನಿಂತಿತು...

ಆ ಏಳನೇ ರಾತ್ರಿ ಮಾರ್ಜುಕಿ ಬಾವಿ ದಾಟಿದ. ಮುಂದೆ ಚಪ್ಪಲಿ ಸದ್ದು. ಚಟ್... ಚಟ್...

"ಯಾರು?"

"ನಾನೇ ಕಣೋ."

"ಅ... ಅಕ್ಕಾ?"

"ಕಂಬದ ಥರ ನಿಂತ್ಯಲ್ಲ! ನಡಿ."

"ಗೋಡೆ ಇದೆ ಅಕ್ಕಾ..."

"ಎಲ್ಲಿದೆ? ಬಿಡಿಸಿದೀನಿ ಅಂದ್ಯಲ್ಲೋ. ನನ್ನಾಣೆ ಹಾಕ್ದ್ಯಲ್ಲೋ, ತಮ್ಮಾ..."

ಸಿಮೆಂಟಿನ ಮೇಲೆ ಉಗುರು ಎಳೆದ ಸದ್ದು. ಕರ್‍ರ್... ಆಮೇಲೆ ಏನೂ ಇಲ್ಲ. ಆಮೇಲೆ... ಗೋಡೆಯ ಆಚೆಯಿಂದ... ಚಟ್... ಚಟ್...

ಪೊಟ್ಟಣ ಅಲ್ಲೇ ಬಿತ್ತು. ನಾವು ಓಡಿದ ಅದೇ ಹೆದ್ದಾರಿ ಸುತ್ತಿ ಓಡಿದ. ಬಡಾವಣೆಯ ಗೇಟಿನ ಕಾವಲುಗಾರ ನಕ್ಕ: "ಏನಣ್ಣ, ಸಾಲದವರು ಅಟ್ಟಿಸ್ಕೊಂಡು ಬಂದ್ರಾ?"

ಮನೆ ಮುಂದೆ, ಸಂಜೆ ಅವನು ಹಾಕಿದ್ದ ಬೀಗ ಹಾಗೇ ತೂಗುತ್ತಿತ್ತು. ಬೀಗ ತೆಗೆದ. ತಳ್ಳಿದ. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟ. ಊಹೂಂ.

ಒಂಟಿ ಮನುಷ್ಯ ಅವನು. ಒಳಗೆ ಯಾರಿದ್ದಾರೆ ಹೇಳಿ!

ಬೆಳಗ್ಗೆ ಅವನ ಜೊತೆ ನಾನೇ ಹೋಗಿ ತಳ್ಳಿದ್ದೀನಿ, ಈ ಕೈಯಲ್ಲೇ. ಆ ಮನೆಗೆ ಇರುವುದು ಒಂದೇ ಬಾಗಿಲು, ಕಿಟಕಿಗೆಲ್ಲ ಕಬ್ಬಿಣದ ಸರಳು. ಸರಳಿನ ಸಂದಿಯಿಂದ ನೋಡಿದೆ.

ಒಳಗಡೆಯಿಂದ ಚಿಲಕ ಹಾಕಿತ್ತು.